ಅರ್ಧ ಗಂಟೆ ಯಾರ ಪಾಲಿಗೆ?

ವ್ಯಾಯಾಮ ಮಾಡಿದರೆ ಒಳ್ಳೆಯದು ಎಂದು ಗೊತ್ತಿಲ್ಲದ ಮನೆ ಇವತ್ತು ಹುಡುಕಿದರೂ ಸಿಗಲಿಕ್ಕಿಲ್ಲ. ವೈದ್ಯರು ಹೇಳುತ್ತಾರೆ, ಪತ್ರಿಕೆಗಳು ಬರೆಯುತ್ತವೆ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ವಿಡಿಯೊಗಳು ಬರುತ್ತಲೇ ಇರುತ್ತವೆ. ಆದರೂ ಮಾಡುವವರು ಕಡಿಮೆ. ಯಾಕೆ ಮಾಡುತ್ತಿಲ್ಲ ಎಂದು ಕೇಳಿದರೆ ಊರು ಯಾವುದಾದರೂ ಬರುವ ಉತ್ತರ ಒಂದೇ: ‘ಟೈಮ್ ಎಲ್ಲಿದೆ ಹೇಳಿ?’ ಈ ಮಾತನ್ನು ಸೋಮಾರಿಗಳ ನೆಪ ಎಂದು ತಳ್ಳಿಹಾಕುವುದು ಆರೋಗ್ಯದ ಬಗ್ಗೆ ಬರೆಯುವವರಿಗೆ ರೂಢಿಯಾಗಿಬಿಟ್ಟಿದೆ. ಮನಸ್ಸಿದ್ದರೆ ಮಾರ್ಗ ಇದ್ದೇ ಇದೆ, ಬೆಳಿಗ್ಗೆ ಒಂದು ಗಂಟೆ ಮೊದಲೇ ಏಳಿ, ಫೋನು ಪಕ್ಕಕ್ಕಿಡಿ ಎಂದು ಹೇಳಿ ಮುಂದಿನ ವಿಷಯಕ್ಕೆ ಹೋಗುತ್ತಾರೆ. ನನಗೆ ಅದು ನೆಪವಾಗಿ ಕಾಣುವುದಿಲ್ಲ. ದುಡಿಯುವ, ಮಕ್ಕಳನ್ನು ಸಾಕುವ, ವಯಸ್ಸಾದವರನ್ನು ನೋಡಿಕೊಳ್ಳುವ ಬಹಳಷ್ಟು ಜನರ ಮಟ್ಟಿಗೆ ಅದು ನಿಜವೇ. ಆದರೆ ಒಂದೇ ಮನೆಯ ಎಲ್ಲರ ದಿನಚರಿಯನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಇನ್ನೊಂದು ಸಂಗತಿ ಕಾಣುತ್ತದೆ. ಮನೆಯಲ್ಲಿ ಸಮಯ ಇರುತ್ತದೆ. ಒಬ್ಬರ ಪಾಲಿಗೆ ಹೆಚ್ಚು, ಇನ್ನೊಬ್ಬರ ಪಾಲಿಗೆ ಕಡಿಮೆ ಬಿದ್ದಿರುತ್ತದೆ. ನಿತ್ಯದ ವ್ಯಾಯಾಮವನ್ನು ಒಬ್ಬೊಬ್ಬರ ಛಲಕ್ಕೆ ಬಿಟ್ಟರೆ ಅದು ಕೆಲವರಿಗಷ್ಟೇ ದಕ್ಕುತ್ತದೆ. ಮಕ್ಕಳ ಫೀಸು, ಹಬ್ಬದ ಖರ್ಚಿನ ಹಾಗೆ ಮನೆಯವರೆಲ್ಲ ಕೂತು ಮಾತಾಡಿ ತೀರ್ಮಾನಿಸಿದರೆ ಎಲ್ಲರಿಗೂ ದಕ್ಕುತ್ತದೆ.

ಅಂಕಿಗಳು ಇದನ್ನೇ ಹೇಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಂದಾಜಿನಂತೆ, 2022ರಲ್ಲಿ ಭಾರತದ ವಯಸ್ಕರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. 2000ದಲ್ಲಿ ಈ ಪ್ರಮಾಣ ಶೇ 22ರ ಆಸುಪಾಸಿನಲ್ಲಿತ್ತು. ಗಂಡಸರನ್ನೂ ಹೆಂಗಸರನ್ನೂ ಬೇರೆಬೇರೆಯಾಗಿ ಎಣಿಸಿದರೆ ಗಂಡಸರಲ್ಲಿ ಸುಮಾರು ಶೇ 42, ಹೆಂಗಸರಲ್ಲಿ ಶೇ 57. ಛಲ, ಶಿಸ್ತುಗಳಲ್ಲಿ ನಮ್ಮ ಹೆಂಗಸರು ಗಂಡಸರಿಗಿಂತ ಇಷ್ಟು ಹಿಂದಿದ್ದಾರೆ ಎಂದು ಯಾರೂ ಹೇಳಲಾರರು. ಕಾರಣವನ್ನು ಹುಡುಕಬೇಕಾದದ್ದು ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯಲ್ಲಿ. 2024ರ ಆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಮಾಡುವ ಗಂಡಸರು ಕೊಡುವುದು 88 ನಿಮಿಷ. ಮಕ್ಕಳ, ಹಿರಿಯರ ಆರೈಕೆಯಲ್ಲಿ ಹೆಂಗಸರದು 137 ನಿಮಿಷ, ಗಂಡಸರದು 75. ಗಂಡಸರು ಹೊರಗೆ ಹೆಚ್ಚು ಹೊತ್ತು ದುಡಿಯುತ್ತಾರಲ್ಲ ಎಂಬ ಮಾತು ಇಲ್ಲಿ ಬರುವುದು ಸಹಜ, ಅದನ್ನೂ ಇದೇ ಸಮೀಕ್ಷೆ ಒಪ್ಪುತ್ತದೆ. ಆದರೆ ಹೊರಗಿನ ದುಡಿಮೆಗೆ ಒಂದು ಶುರು, ಒಂದು ಮುಗಿತ, ವಾರಕ್ಕೊಂದು ರಜೆ ಇರುತ್ತದೆ. ಮನೆಗೆಲಸಕ್ಕೆ ಅವು ಮೂರೂ ಇಲ್ಲ. ಮೇಲಾಗಿ ಅದು ಒತ್ತಾಗಿ ಬೀಳುವುದು ಬೆಳಿಗ್ಗೆ ಐದೂವರೆಯಿಂದ ಒಂಬತ್ತು, ಸಂಜೆ ಆರರಿಂದ ಒಂಬತ್ತೂವರೆಯವರೆಗೆ. ಬಿಸಿಲಿಲ್ಲದ, ರಸ್ತೆಯಲ್ಲಿ ನಡೆಯಬಹುದಾದ ಹೊತ್ತೂ ಅದೇ.

ಒಂದು ಸಾಧಾರಣ ಮನೆಯ ಬೆಳಗನ್ನು ಹತ್ತಿರದಿಂದ ನೋಡೋಣ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದಾರೆ, ಅತ್ತೆ ಮಾವ ಜೊತೆಗಿದ್ದಾರೆ. ಹುಬ್ಬಳ್ಳಿಯ ವಿದ್ಯಾನಗರದಲ್ಲೂ ಇಂಥ ಮನೆ ಉಂಟು, ಬೆಂಗಳೂರಿನ ಯಶವಂತಪುರದಲ್ಲೂ ಉಂಟು. ಐದೂವರೆಗೆ ಹಾಲಿನ ಪ್ಯಾಕೆಟ್ ಬರುತ್ತದೆ. ನಲ್ಲಿ ನೀರು ಬಿಡುವ ದಿನವಾದರೆ ಸಂಪು ತುಂಬುವುದನ್ನು ನೋಡಿಕೊಂಡು ಮೋಟಾರ್ ಹಾಕಬೇಕು. ಒಂದು ಒಲೆಯ ಮೇಲೆ ಕಾಫಿಗೆ ನೀರು, ಇನ್ನೊಂದರ ಮೇಲೆ ಕುಕ್ಕರ್. ಮಕ್ಕಳ ಡಬ್ಬಿಗೆ ಚಿತ್ರಾನ್ನ, ದೊಡ್ಡವರ ಡಬ್ಬಿಗೆ ಚಪಾತಿ ಪಲ್ಯ, ಶುಗರ್ ಇರುವ ಮಾವನವರಿಗೆ ಬೇರೆಯೇ ತಿಂಡಿ. ಇದರ ನಡುವೆ ಒಬ್ಬಳಿಗೆ ಜಡೆ, ಇನ್ನೊಬ್ಬನಿಗೆ ಕಾಣೆಯಾದ ಸಾಕ್ಸು, ಡೈರಿಗೆ ಸಹಿ. ಏಳೂ ಮುಕ್ಕಾಲಿಗೆ ಬೀದಿಯ ತಿರುವಿನಲ್ಲಿ ವ್ಯಾನಿನ ಹಾರ್ನ್. ವ್ಯಾನ್ ಹೋದ ಮೇಲೆ ತಾನು ಸ್ನಾನ ಮಾಡಿ, ನಿಂತುಕೊಂಡೇ ಎರಡು ತುತ್ತು ತಿಂದು ಬಸ್ ಹಿಡಿಯಬೇಕು. ಈ ಎರಡೂವರೆ ಗಂಟೆಯಲ್ಲಿ ಹತ್ತಾರು ಕೆಲಸಗಳಿವೆ, ಅವುಗಳಲ್ಲಿ ಹೆಚ್ಚಿನವು ಒಬ್ಬಳ ಕೈಯಲ್ಲೇ ನಡೆಯುತ್ತವೆ. ಅದೇ ಹೊತ್ತಿನಲ್ಲಿ ಅದೇ ಮನೆಯಲ್ಲಿ ಒಬ್ಬರು ಪೇಪರ್ ಓದುತ್ತಿರುತ್ತಾರೆ, ಒಬ್ಬರು ಆರೂವರೆಗೆ ಷೂ ಕಟ್ಟಿಕೊಂಡು ವಾಕಿಂಗ್‌ಗೆ ಹೊರಡುತ್ತಾರೆ. ವಾಕಿಂಗ್‌ಗೆ ಹೋಗುವುದು ತಪ್ಪಲ್ಲ. ಆದರೆ ಆ ಮುಕ್ಕಾಲು ಗಂಟೆ ಅವರಿಗೆ ಸಿಕ್ಕಿದ್ದು ಕುಕ್ಕರಿನ ಸೀಟಿ ಎಣಿಸುತ್ತ ಇನ್ನೊಬ್ಬರು ನಿಂತಿದ್ದರಿಂದ. ಹಾಗೆ ನಿಂತವಳಿಗೆ ಇನ್ನೂ ಒಂದು ಗಂಟೆ ಮೊದಲೇ ಏಳು ಎಂದು ಬುದ್ಧಿ ಹೇಳುವುದೆಂದರೆ ಅವಳ ನಿದ್ದೆಯಿಂದ ಒಂದು ಗಂಟೆ ಕಿತ್ತುಕೊಳ್ಳುವುದೇ ಸರಿ. ರಾತ್ರಿ ಹನ್ನೊಂದಕ್ಕೆ ಪಾತ್ರೆ ತೊಳೆದು ಮಲಗಿದವಳು ನಾಲ್ಕೂವರೆಗೆ ಎದ್ದು ನಡೆದರೆ ಸಿಗುವ ಲಾಭವನ್ನು ನಿದ್ದೆಗೇಡು ನುಂಗಿಹಾಕುತ್ತದೆ.

ಮನೆಗೆಲಸವೇ ವ್ಯಾಯಾಮವಲ್ಲವೇ, ಬೆಳಗಿನಿಂದ ರಾತ್ರಿಯವರೆಗೆ ಓಡಾಡುವವಳಿಗೆ ಇನ್ನೇನು ವಾಕಿಂಗ್ ಎಂದು ಕೇಳುವವರು ಹೆಂಗಸರಲ್ಲೇ ಬಹಳ ಮಂದಿ. ಇದಕ್ಕೆ ಅಳತೆಯ ಉತ್ತರವಿದೆ. ಸುಮ್ಮನೆ ಕೂತಾಗ ದೇಹ ಬಳಸುವ ಶಕ್ತಿಯನ್ನು ಒಂದು ಎಂದಿಟ್ಟುಕೊಂಡರೆ, ಅದರ ಮೂರು ಪಟ್ಟಾದರೂ ಖರ್ಚಾಗುವ ಕೆಲಸವನ್ನು ಮಧ್ಯಮ ಮಟ್ಟದ ಚಟುವಟಿಕೆ ಎನ್ನುತ್ತಾರೆ. ಒಲೆಯ ಮುಂದೆ ನಿಂತು ಅಡುಗೆ ಮಾಡುವುದು, ಪಾತ್ರೆ ತೊಳೆಯುವುದು, ಬಟ್ಟೆ ಮಡಿಸುವುದು ಹೆಚ್ಚಾಗಿ ಎರಡರ ಆಸುಪಾಸಿನಲ್ಲಿರುತ್ತವೆ. ಮೈಬಗ್ಗಿಸಿ ಗುಡಿಸಿ ಒರೆಸುವುದು ಮೂರನ್ನು ದಾಟುತ್ತದೆ, ಚುರುಕಾದ ನಡಿಗೆ ನಾಲ್ಕರ ಹತ್ತಿರ, ಮೆಟ್ಟಿಲನ್ನು ಬೇಗಬೇಗ ಹತ್ತುವುದು ಎಂಟನ್ನೂ ಮೀರುತ್ತದೆ. ಹಾಗಾಗಿ ಮನೆಗೆಲಸದಲ್ಲಿ ಸ್ವಲ್ಪ ಭಾಗ ಲೆಕ್ಕಕ್ಕೆ ಬರುತ್ತದೆ, ಬಹುಪಾಲು ಬರುವುದಿಲ್ಲ. ಅದು ಕಾಲು ನೋಯಿಸುತ್ತದೆ, ಬೆನ್ನು ಹಿಡಿಸುತ್ತದೆ, ದಣಿಸುತ್ತದೆ. ಎದೆಬಡಿತವನ್ನು ಏರಿಸುವುದು ಅಪರೂಪ. ಬಾವಿಯಿಂದ ನೀರು ಸೇದಿ, ಒರಳಿನಲ್ಲಿ ರುಬ್ಬಿ, ಬೀಸುಕಲ್ಲು ತಿರುಗಿಸುತ್ತಿದ್ದ ಕಾಲಕ್ಕೆ ಲೆಕ್ಕ ಬೇರೆಯಿತ್ತು. ಆ ಕಾಲ ಮತ್ತೆ ಬರಲಿ ಎನ್ನುವುದು ಕ್ರೌರ್ಯ. ಮಿಕ್ಸಿ, ವಾಷಿಂಗ್ ಮಷೀನ್ ಹೆಂಗಸರ ಮೈಯಿಂದ ದೊಡ್ಡ ಹೊರೆಯನ್ನೇ ಇಳಿಸಿವೆ. ಇಳಿದ ಹೊರೆಯ ಜೊತೆಗೆ ಮೈಯ ಚಲನೆಯೂ ಹೋಯಿತು, ಉಳಿದ ಸಮಯ ಮಾತ್ರ ಅವರ ಕೈಗೆ ಬರಲಿಲ್ಲ.

ದುಡಿಮೆಯೊಳಗೇ ಇದ್ದ ಚಲನೆ ಎಷ್ಟು ಬೆಲೆಬಾಳುವಂಥದು ಎಂದು ಜಗತ್ತಿಗೆ ಮೊದಲು ತೋರಿಸಿದ್ದು ಲಂಡನ್ನಿನ ಬಸ್ಸುಗಳು. ಜೆರ್ರಿ ಮಾರಿಸ್ ಎಂಬ ವೈದ್ಯ ವಿಜ್ಞಾನಿ 1953ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದ ಅಧ್ಯಯನ ಅಲ್ಲಿನ ಸಾರಿಗೆ ಸಿಬ್ಬಂದಿಯ ಮೇಲೆ ನಡೆದದ್ದು. ಬೆಂಗಳೂರಿನಲ್ಲೂ ಒಂದು ಕಾಲಕ್ಕೆ ಓಡುತ್ತಿದ್ದಂಥ ಡಬಲ್ ಡೆಕ್ಕರ್ ಬಸ್ಸಿನಲ್ಲಿ ಡ್ರೈವರ್ ಪಾಳಿಯುದ್ದಕ್ಕೂ ಕೂತೇ ಇರುತ್ತಾನೆ, ಕಂಡಕ್ಟರ್ ಟಿಕೆಟ್ ಕೊಡುತ್ತ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತಿಳಿಯುತ್ತಾನೆ. ಇಬ್ಬರದೂ ಒಂದೇ ಸಂಸ್ಥೆ, ಒಂದೇ ಬಸ್ಸು, ಬದುಕೂ ಹೆಚ್ಚುಕಡಿಮೆ ಒಂದೇ ತರಹದ್ದು. ಆದರೂ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಸ್ಪಷ್ಟವಾಗಿ ಕಡಿಮೆಯಿತ್ತು, ಬಂದರೂ ತಡವಾಗಿ ಬರುತ್ತಿತ್ತು, ಬಂದಾಗ ಸಾಯುವವರೂ ಕಡಿಮೆ. ದಪ್ಪಗಿದ್ದವರೇ ಡ್ರೈವರ್ ಕೆಲಸಕ್ಕೆ ಸೇರಿರಬಹುದಲ್ಲ ಎಂಬ ಅನುಮಾನ ಎದ್ದಿತು. ಮಾರಿಸ್ ಸಮವಸ್ತ್ರದ ದಾಖಲೆ ತೆಗೆಸಿ ಪ್ಯಾಂಟಿನ ಸೊಂಟದಳತೆ ನೋಡಿದರು. ಡ್ರೈವರುಗಳ ಸೊಂಟ ದಪ್ಪವಿದ್ದದ್ದು ನಿಜ. ಆದರೆ ತೆಳ್ಳಗಿನವರನ್ನು ತೆಳ್ಳಗಿನವರ ಜೊತೆ, ದಪ್ಪಗಿನವರನ್ನು ದಪ್ಪಗಿನವರ ಜೊತೆ ಹೋಲಿಸಿದಾಗಲೂ ಕಂಡಕ್ಟರುಗಳೇ ಕ್ಷೇಮವಾಗಿದ್ದರು. ಮುಂದೆ ಕೂತು ಮಾಡುವ ಕೆಲಸಗಳೇ ಹೆಚ್ಚಾದಾಗ ಮಾರಿಸ್ ಕಚೇರಿ ನೌಕರರ ಬಿಡುವಿನ ವೇಳೆಯನ್ನು ಅಧ್ಯಯನ ಮಾಡಿದರು. ಬಿಡುವಿನಲ್ಲಿ ಮೈಬಗ್ಗಿಸಿ ವ್ಯಾಯಾಮ ಮಾಡುವ ಗುಮಾಸ್ತರಿಗೂ ಅದೇ ರಕ್ಷಣೆ ಸಿಗುತ್ತಿತ್ತು. ದುಡಿಮೆಯಿಂದ ಚಲನೆ ಹೊರಟುಹೋದ ಮೇಲೆ ಅದನ್ನು ಬಿಡುವಿನಿಂದಲೇ ತುಂಬಿಕೊಳ್ಳಬೇಕು. ಬಿಡುವು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ ಎಂಬುದೇ ತೊಡಕು.

ಹಾಗಾದರೆ ಗಾರೆ ಕೆಲಸದವರು, ಮೂಟೆ ಹೊರುವವರು, ಹೊಲದಲ್ಲಿ ದುಡಿಯುವವರು ಎಲ್ಲರಿಗಿಂತ ಆರೋಗ್ಯವಾಗಿರಬೇಕಲ್ಲ? ಇದು ಸಲೀಸಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಸುಮಾರು ಹತ್ತು ವರ್ಷ ಗಮನಿಸಿದ, 2021ರಲ್ಲಿ ‘ಯುರೋಪಿಯನ್ ಹಾರ್ಟ್ ಜರ್ನಲ್’ನಲ್ಲಿ ಪ್ರಕಟವಾದ ಅಧ್ಯಯನ ಚಕಿತಗೊಳಿಸುವ ಸಂಗತಿ ಹೇಳಿತು. ಬಿಡುವಿನಲ್ಲಿ ಮಾಡುವ ಚಟುವಟಿಕೆ ಹೆಚ್ಚಿದಷ್ಟೂ ಸಾವಿನ ಅಪಾಯ ಇಳಿಯುತ್ತಿತ್ತು; ಕೆಲಸದ ಜಾಗದಲ್ಲಿ ಮಾಡುವ ಭಾರದ ದುಡಿಮೆ ಹೆಚ್ಚಿದಷ್ಟೂ ಅಪಾಯ ಏರುತ್ತಿತ್ತು. ಬಡತನ, ಧೂಮಪಾನಗಳ ಪ್ರಭಾವವನ್ನು ಸಂಶೋಧಕರು ಲೆಕ್ಕದಿಂದ ತೆಗೆಯಲು ಯತ್ನಿಸಿದ್ದಾರೆ, ಪೂರ್ತಿ ತೆಗೆಯಲಾಗಿದೆ ಎಂದು ಹೇಳುವುದು ಕಷ್ಟ. ಆದರೂ ಅವರು ಮುಂದಿಡುವ ವಿವರಣೆ ಒಪ್ಪುವಂತಿದೆ. ವ್ಯಾಯಾಮದಲ್ಲಿ ಎದೆಬಡಿತ ಸ್ವಲ್ಪ ಹೊತ್ತು ಏರಿ ಇಳಿಯುತ್ತದೆ, ಆಮೇಲೆ ದೇಹಕ್ಕೆ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ, ಸುಸ್ತಾದರೆ ನಿಲ್ಲಿಸುವ ಸ್ವಾತಂತ್ರ್ಯವಿರುತ್ತದೆ. ಎಂಟು ಹತ್ತು ಗಂಟೆ ಭಾರ ಎತ್ತುವವನಿಗೆ ಅದಾವುದೂ ಇಲ್ಲ; ರಕ್ತದೊತ್ತಡ ದಿನವಿಡೀ ಏರಿಯೇ ಇರುತ್ತದೆ. ಲಂಡನ್ನಿನ ಕಂಡಕ್ಟರ್ ಒಂದಿಷ್ಟು ಮೆಟ್ಟಿಲು ಹತ್ತಿ, ನಿಂತು, ನಾಲ್ಕು ಟಿಕೆಟ್ ಹರಿದು ಮತ್ತೆ ಇಳಿಯುತ್ತಿದ್ದ. ಅವನ ಚಲನೆ ಗಾರೆಯವನ ದುಡಿತಕ್ಕಿಂತ ವ್ಯಾಯಾಮಕ್ಕೇ ಹತ್ತಿರ. ಹೀಗಾಗಿ ಮೈಮುರಿದು ದುಡಿಯುವವರಿಗೆ ವಾಕಿಂಗ್‌ಗಿಂತ ಮೊದಲು ಬೇಕಾದದ್ದು ವಿಶ್ರಾಂತಿ, ಸರಿಯಾದ ಊಟ, ವಾರದ ರಜೆ. ಅವರಿಗೆ ವ್ಯಾಯಾಮದ ಉಪದೇಶ ಮಾಡುವ ಹಕ್ಕು ನಮಗಿದೆ ಎಂದು ನನಗನ್ನಿಸುವುದಿಲ್ಲ. ಈ ಲೇಖನದ ಮುಂದಿನ ಮಾತುಗಳೆಲ್ಲ ಕೂತು ಅಥವಾ ನಿಂತು ದಿನ ಕಳೆಯುವವರಿಗೆ ಸಂಬಂಧಿಸಿದ್ದು.

ಹಂಚಿಕೊಳ್ಳಬೇಕಾದ ಸಮಯ ಎಷ್ಟು ಎಂಬುದು ಮುಂದಿನ ಪ್ರಶ್ನೆ. ಇಲ್ಲಿ ವಿಜ್ಞಾನ ಇತ್ತೀಚಿನ ವರ್ಷಗಳಲ್ಲಿ ಸಂಸಾರಸ್ಥರ ಪರವಾಗಿ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ಚಟುವಟಿಕೆ, ಇಲ್ಲವೇ ಅದರ ಅರ್ಧದಷ್ಟು ಬಿರುಸಿನದು, ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ. ಒಂದು ಸಲಕ್ಕೆ ಹತ್ತು ನಿಮಿಷಕ್ಕಿಂತ ಕಡಿಮೆ ಮಾಡಿದ್ದು ಲೆಕ್ಕಕ್ಕಿಲ್ಲ ಎಂಬ ಹಳೆಯ ನಿಯಮವನ್ನು 2020ರ ಮಾರ್ಗಸೂಚಿಯಲ್ಲಿ ಕೈಬಿಡಲಾಯಿತು. ತೈವಾನ್‌ನಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಬರೀ 15 ನಿಮಿಷ ವ್ಯಾಯಾಮ ಮಾಡಿದವರ ಸಾವಿನ ಅಪಾಯ ಏನೂ ಮಾಡದವರಿಗಿಂತ ಶೇ 14ರಷ್ಟು ಕಡಿಮೆಯಿತ್ತು. ಬ್ರಿಟನ್ನಿನಲ್ಲಿ, ವ್ಯಾಯಾಮವನ್ನೇ ಮಾಡದ 25 ಸಾವಿರ ಜನರ ಕೈಗೆ ಅಳೆಯುವ ಪಟ್ಟಿ ಕಟ್ಟಿ ನೋಡಿದ 2022ರ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬಸ್ಸಿಗೆ ಓಡುವುದು, ಚೀಲ ಹಿಡಿದು ಮೆಟ್ಟಿಲು ಹತ್ತುವುದು ಮುಂತಾಗಿ ಒಂದೆರಡು ನಿಮಿಷದ ಬಿರುಸಿನ ಓಡಾಟ ದಿನಕ್ಕೆ ಮೂರು ಸಲ ಇದ್ದವರಲ್ಲೂ ಹೃದ್ರೋಗದಿಂದ ಸಾಯುವ ಅಪಾಯ ಅರ್ಧದ ಹತ್ತಿರಕ್ಕೆ ಇಳಿದಿತ್ತು. ವಾರದ ವ್ಯಾಯಾಮವನ್ನೆಲ್ಲ ಶನಿವಾರ ಭಾನುವಾರಕ್ಕೆ ಒಟ್ಟುಮಾಡಿದವರಿಗೂ ದಿನಾ ಮಾಡುವವರಷ್ಟೇ ಪ್ರಯೋಜನವಾಗುತ್ತದೆ ಎಂದು 2023ರ ಇನ್ನೊಂದು ಅಧ್ಯಯನ ತೋರಿಸಿದೆ. ಅಂದಮೇಲೆ ಮನೆಯವರು ಹಂಚಿಕೊಳ್ಳಬೇಕಾದದ್ದು ದಿನಕ್ಕೆರಡು ಗಂಟೆಯೇನಲ್ಲ. ಒಬ್ಬೊಬ್ಬರಿಗೆ ವಾರದಲ್ಲಿ ಐದು ದಿನ ಅರ್ಧ ಗಂಟೆ. ಅದೂ ಆಗದಿದ್ದರೆ ಕಾಲು ಗಂಟೆ.

ಇವೆಲ್ಲ ಗಮನಿಸಿ ಬರೆದ ಅಧ್ಯಯನಗಳು, ಆರೋಗ್ಯವಂತರೇ ಹೆಚ್ಚು ನಡೆಯುತ್ತಾರೆ ಎಂದೂ ಇರಬಹುದಲ್ಲ ಎಂದು ತಿಳಿದವರು ಕೇಳುತ್ತಾರೆ. ಕೇಳಬೇಕಾದದ್ದೇ. ನಡಿಗೆಯಿಂದ ಆರೋಗ್ಯವೋ, ಆರೋಗ್ಯದಿಂದ ನಡಿಗೆಯೋ ಎಂದು ತೀರ್ಮಾನಿಸಲು ಜನರನ್ನು ಗುಂಪು ಮಾಡಿ ಪ್ರಯೋಗ ನಡೆಸಬೇಕು. ನಮಗೆ ತೀರ ಹತ್ತಿರದ ಅಂಥ ಪ್ರಯೋಗ ಚೆನ್ನೈನಲ್ಲಿ ನಡೆದಿದೆ. ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಮಧುಮೇಹದ ಅಂಚಿನಲ್ಲಿದ್ದ 531 ಜನರನ್ನು ಆರಿಸಿ, ಕೆಲವರಿಗೆ ಬರೀ ಸಾಮಾನ್ಯ ಸಲಹೆ ಕೊಟ್ಟು, ಕೆಲವರಿಗೆ ಊಟದಲ್ಲಿ ಬದಲಾವಣೆಯ ಜೊತೆಗೆ ದಿನಕ್ಕೆ ಅರ್ಧ ಗಂಟೆ ಚುರುಕು ನಡಿಗೆ ಹೇಳಿದರು. ಮೊದಲೇ ಸೈಕಲ್ ತುಳಿಯುತ್ತಿದ್ದವರಿಗೆ, ಮೈದುಡಿಮೆ ಮಾಡುವವರಿಗೆ ಅದನ್ನೇ ಮುಂದುವರಿಸಿ ಎಂದರು. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮೂರು ವರ್ಷದಲ್ಲಿ ಮೊದಲ ಗುಂಪಿನ ಶೇ 55 ಮಂದಿಗೆ ಸಕ್ಕರೆ ಕಾಯಿಲೆ ಬಂತು, ಎರಡನೆಯ ಗುಂಪಿನಲ್ಲಿ ಶೇ 39 ಮಂದಿಗೆ. ಊಟದ ಪಾಲೆಷ್ಟು, ನಡಿಗೆಯ ಪಾಲೆಷ್ಟು ಎಂದು ಇದರಿಂದ ಬಿಡಿಸಿ ಹೇಳಲಾಗದು. ಆದರೆ ಇಡ್ಲಿ, ಅನ್ನ, ಸಾರು ತಿನ್ನುವ, ನಮ್ಮಂತೆಯೇ ಬದುಕುವ ಜನ ಕೆಲಸ ಸಂಸಾರ ಬಿಡದೆ ಮಾಡಿದ್ದು ಇದು. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ, 13 ಕೋಟಿಗೂ ಹೆಚ್ಚು ಜನ ಅದರ ಅಂಚಿನಲ್ಲಿದ್ದಾರೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಅಂದಾಜಿಸಿರುವಾಗ, ಈ ಅರ್ಧ ಗಂಟೆಯನ್ನು ಮನೆಯ ಐಚ್ಛಿಕ ಸಂಗತಿಗಳ ಪಟ್ಟಿಯಲ್ಲಿ ಇಡುವಂತಿಲ್ಲ.

ಇನ್ನು ಹಂಚಿಕೆಗೆ ಬರೋಣ. ಮೇಲೆ ಹೇಳಿದ ಮನೆಯಲ್ಲೇ ಇದು ಹೇಗೆ ನಡೆಯಬಹುದು? ಸೋಮ, ಬುಧ, ಶುಕ್ರ ಬೆಳಿಗ್ಗೆ ಗಂಡ ಹೊರಗೆ ಹೋಗಲಿ. ಮಂಗಳ, ಗುರು, ಶನಿ ಹೆಂಡತಿ ಹೋಗಲಿ. ಅವಳು ಹೋಗುವ ದಿನ ಡಬ್ಬಿ, ಜಡೆ, ವ್ಯಾನು ಎಲ್ಲವೂ ಅವನ ಜವಾಬ್ದಾರಿ. ಇಲ್ಲಿ ಒಂದು ಎಚ್ಚರ ಬೇಕು. ಡಬ್ಬಿ ಕಟ್ಟುವುದಷ್ಟೇ ಗಂಡನಿಗೆ ಬಿಟ್ಟು, ಅದಕ್ಕೆ ಏನು ಹಾಕಬೇಕು, ತರಕಾರಿ ಇದೆಯೇ, ಹಿಟ್ಟು ಕಲಸಿದೆಯೇ ಎಂಬ ಯೋಚನೆಯನ್ನೆಲ್ಲ ಹೆಂಡತಿಯೇ ಹೊತ್ತರೆ ಅವಳು ಪಾರ್ಕಿನಲ್ಲಿದ್ದರೂ ಅಡುಗೆಮನೆಯಲ್ಲೇ ಇದ್ದಂತೆ. ನಡೆಯುವಾಗ ನಾಲ್ಕು ಸಲ ಫೋನು ಬಂದರೆ ಹಂಚಿಕೆ ಆಗಿಲ್ಲ ಎಂದೇ ಅರ್ಥ. ಆ ಮೂರು ದಿನ ಅವಲಕ್ಕಿಯೋ ಬ್ರೆಡ್ಡೋ ಆಗಲಿ, ರುಚಿ ಸ್ವಲ್ಪ ಹಿಂದುಮುಂದಾಗಲಿ, ಅದನ್ನು ಎಲ್ಲರೂ ಒಪ್ಪಿ ನಡೆಯಬೇಕು. ಹತ್ತು ದಾಟಿದ ಮಕ್ಕಳು ತಮ್ಮ ಬ್ಯಾಗು, ನೀರಿನ ಬಾಟಲಿ, ಷೂಗಳನ್ನು ರಾತ್ರಿಯೇ ಹೊಂದಿಸಿಟ್ಟರೆ ಬೆಳಗಿನ ಹತ್ತು ನಿಮಿಷ ಅಲ್ಲೇ ಉಳಿಯುತ್ತದೆ. ಮಾವನವರು ನಡೆಯಲು ಹೋಗುವವರಾದರೆ ಆ ಹೊತ್ತನ್ನು ಏಳೂ ಮುಕ್ಕಾಲಿಗೆ ಸರಿಸಿ ಮೊಮ್ಮಕ್ಕಳನ್ನು ವ್ಯಾನಿಗೆ ಹತ್ತಿಸಿಯೇ ಮುಂದೆ ಹೋಗಬಹುದು. ಇವು ಸಣ್ಣ ವಿಷಯಗಳು, ಆದರೆ ಅರ್ಧ ಗಂಟೆ ಇಂಥ ಸಣ್ಣ ವಿಷಯಗಳಿಂದಲೇ ಕೂಡಿಬರುತ್ತದೆ. ಮೂರು ಬೆಳಗಿನಲ್ಲಿ ಕೂಡಿಬರದೆ ಉಳಿದ ನಿಮಿಷಗಳಿಗೆ ಎಲ್ಲರೂ ಒಟ್ಟಿಗೆ ಮಾಡಬಹುದಾದದ್ದೂ ಒಂದಿದೆ: ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷ ಬೀದಿಯಲ್ಲಿ ನಡೆಯುವುದು. ವಯಸ್ಸಾದವರಲ್ಲಿ ನಡೆಸಿದ ಒಂದು ಸಣ್ಣ ಪ್ರಯೋಗದಲ್ಲಿ, ಮೂರು ಹೊತ್ತು ಊಟದ ನಂತರ ಹದಿನೈದು ನಿಮಿಷ ನಡೆದಾಗ, ಅದರಲ್ಲೂ ರಾತ್ರಿ ಊಟದ ನಂತರ, ರಕ್ತದ ಸಕ್ಕರೆ ಹತೋಟಿಗೆ ಬಂದದ್ದು ಕಂಡುಬಂದಿದೆ. ಟಿ.ವಿ. ಧಾರಾವಾಹಿಯ ಹೊತ್ತನ್ನು ಹದಿನೈದು ನಿಮಿಷ ಬಿಟ್ಟುಕೊಡುವುದು ಇದಕ್ಕೆ ತೆರಬೇಕಾದ ಬೆಲೆ.

ಮನೆಯಲ್ಲಿ ಅಷ್ಟು ಕೆಲಸ ಬಿದ್ದಿರುವಾಗ ತಾನೊಬ್ಬಳೇ ಷೂ ಹಾಕಿಕೊಂಡು ಹೊರಟರೆ ಸ್ವಾರ್ಥವಾಗುವುದಿಲ್ಲವೇ, ಅತ್ತೆ ಏನಂದುಕೊಂಡಾರು ಎಂಬ ಅಳುಕು ಅನೇಕ ತಾಯಂದಿರಲ್ಲಿದೆ. ಅದು ಕಲ್ಪನೆಯ ಅಳುಕಲ್ಲ. ಅಂದುಕೊಳ್ಳುವ ಮನೆಗಳಿವೆ, ಮುಖದ ಮೇಲೆ ಹೇಳುವ ಮನೆಗಳೂ ಇವೆ. ಇದಕ್ಕೆ ಹೆಂಗಸರೇ ಧೈರ್ಯ ತಂದುಕೊಳ್ಳಲಿ ಎಂದು ಬಿಡುವುದು ಸರಿಯಲ್ಲ. ‘ಇವತ್ತು ನೀನು ಹೋಗಿ ಬಾ, ನಾನು ನೋಡಿಕೊಳ್ತೀನಿ’ ಎಂಬ ಮಾತನ್ನು ಅತ್ತೆ ಮಾವನ ಎದುರಿಗೇ ಮಗನಾದವನು ಆಡಬೇಕು. ಆ ಒಂದು ಮಾತು ಸೊಸೆಯ ಹತ್ತು ಸಮರ್ಥನೆಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ನಲವತ್ತೈದು ದಾಟಿದ ಅತ್ತಿಗೆಯೋ ಅರವತ್ತು ದಾಟಿದ ಅತ್ತೆಯೋ ಜೊತೆಗೆ ಹೊರಟರೆ ಇನ್ನೂ ಒಳ್ಳೆಯದು. ಮಂಡಿನೋವಿಗೆ ನಡೆಯದೆ ಕೂರುವುದೇ ಮದ್ದು ಎಂಬ ನಂಬಿಕೆ ನಮ್ಮ ಹಿರಿಯ ಹೆಂಗಸರಲ್ಲಿ ಆಳವಾಗಿದೆ. ವೈದ್ಯರು ಹೇಳುವುದು ಇದಕ್ಕೆ ವಿರುದ್ಧ: ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮಂಡಿಗೆ ಆಸರೆ ಹೆಚ್ಚು.

ವ್ಯಾಯಾಮದ ಬಗ್ಗೆ ಕರ್ನಾಟಕದಲ್ಲಿ ಒಂದು ಹೊಸ ಭಯವೂ ಹುಟ್ಟಿಕೊಂಡಿದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡಾಗ ನಾಡಿಗೆ ನಾಡೇ ತತ್ತರಿಸಿತು. ಅಷ್ಟು ಶಿಸ್ತಿನಿಂದ ಮೈ ಕಾಪಾಡಿಕೊಂಡವರಿಗೇ ಹೀಗಾದರೆ ನಮಗೆ ವ್ಯಾಯಾಮ ಏಕೆ ಎಂಬ ಪ್ರಶ್ನೆ ಮನೆಮನೆಗಳಲ್ಲಿ ಎದ್ದಿತು, ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು. ಒಬ್ಬರ ಸಾವಿನಿಂದ ಎಲ್ಲರಿಗೂ ಅನ್ವಯಿಸುವ ತೀರ್ಮಾನಕ್ಕೆ ಬರಲಾಗದು. ಭಯಕ್ಕೆ ಉತ್ತರ 1993ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂದ ಅಮೆರಿಕದ ಅಧ್ಯಯನವೊಂದರಲ್ಲಿದೆ. ವಾರಕ್ಕೆ ಒಂದು ಸಲವೂ ಶ್ರಮ ಪಡದವರು ಹಠಾತ್ತನೆ ಭಾರಿ ಶ್ರಮ ಪಟ್ಟರೆ, ಅನಂತರದ ಒಂದು ಗಂಟೆಯಲ್ಲಿ ಹೃದಯಾಘಾತದ ಸಾಧ್ಯತೆ ಅವರ ಬೇರೆ ಹೊತ್ತಿಗಿಂತ ನೂರು ಪಟ್ಟಿಗೂ ಮೀರಿ ಏರುತ್ತಿತ್ತು. ವಾರಕ್ಕೆ ಐದು ಸಲ ಅಥವಾ ಹೆಚ್ಚು ಶ್ರಮ ಪಡುವವರಲ್ಲಿ ಆ ಏರಿಕೆ ಎರಡೂವರೆ ಪಟ್ಟಿಗಿಂತ ಕಡಿಮೆ. ಯಾವುದೇ ಒಂದು ಗಂಟೆಯಲ್ಲಿ ಹೃದಯಾಘಾತವಾಗುವ ಸಾಧ್ಯತೆ ಮೂಲತಃ ತೀರ ಸಣ್ಣದು ಎಂಬುದನ್ನು ಮರೆಯದೆ ಈ ಅಂಕಿಗಳನ್ನು ಓದಬೇಕು. ಅಪಾಯವಿರುವುದು ವರ್ಷಗಟ್ಟಲೆ ಕೂತು ಒಂದು ದಿನ ಇದ್ದಕ್ಕಿದ್ದಂತೆ ಭಾರ ಎತ್ತಲು ಹೊರಡುವುದರಲ್ಲಿ. ನಿತ್ಯದ ಅಭ್ಯಾಸ ಅದನ್ನು ತಗ್ಗಿಸುತ್ತದೆ. ಎದೆನೋವು, ನಡೆದರೆ ವಿಪರೀತ ಏದುಸಿರು, ಹಳೆಯ ಹೃದಯದ ತೊಂದರೆ ಇರುವವರು, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತವಾದವರಿದ್ದರೆ ಅಂಥವರು ಬಿರುಸಿನ ವ್ಯಾಯಾಮಕ್ಕಿಳಿಯುವ ಮೊದಲು ವೈದ್ಯರನ್ನು ಕಾಣಲೇಬೇಕು. ನಡಿಗೆಯಿಂದ ಶುರುಮಾಡಿ ವಾರವಾರಕ್ಕೆ ಏರಿಸುವುದು ಎಲ್ಲರಿಗೂ ಕ್ಷೇಮ.

ನಡಿಗೆಯೊಂದೇ ಸಾಲದು ಎಂಬುದನ್ನೂ ಹೇಳಬೇಕು. ನಡುವಯಸ್ಸು ದಾಟಿದಂತೆ ಸ್ನಾಯು ಕರಗತೊಡಗುತ್ತದೆ, ಅದನ್ನು ತಡೆಯಲು ಬಲದ ವ್ಯಾಯಾಮ ಬೇಕು. ಇದಕ್ಕೆ ಜಿಮ್ಮಿನ ಫೀಸು ಕಟ್ಟಲೇಬೇಕೆಂದಿಲ್ಲ. ನಮ್ಮ ಗರಡಿಗಳಲ್ಲಿ ತಲೆಮಾರುಗಳಿಂದ ನಡೆದುಬಂದ ದಂಡ, ಬಸ್ಕಿಗಳಿಗೆ ಬೇಕಾದದ್ದು ಚಾಪೆ ಹಾಸುವಷ್ಟು ಜಾಗ. ‘ಶಾಂತಲಾ’ ಕಾದಂಬರಿ ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದರು, ದೂರದವರಿಗೆ ಅಂಚೆಯ ಮೂಲಕವೂ ಪಾಠ ಹೇಳುತ್ತಿದ್ದರು. ಮನೆಯಲ್ಲೇ ಮಾಡುವ ವ್ಯಾಯಾಮ ಯೂಟ್ಯೂಬಿನ ಜೊತೆ ಬಂದದ್ದೇನಲ್ಲ. ಕುಕ್ಕರ್ ಕೂಗುವವರೆಗೆ ಕಟ್ಟೆ ಹಿಡಿದು ಹದಿನೈದು ಬಸ್ಕಿ, ಗೋಡೆಗೆ ಕೈಯೂರಿ ಹತ್ತು ದಂಡ, ಎರಡನೇ ಮಹಡಿಗೆ ಲಿಫ್ಟ್ ಬಿಟ್ಟು ಮೆಟ್ಟಿಲು. ಇವಕ್ಕೆ ಯಾರ ಸಮಯವನ್ನೂ ಕೇಳಬೇಕಾಗಿಲ್ಲ. ಹೀಗೆ ಮೊದಲೇ ಇರುವ ಕೆಲಸವೊಂದಕ್ಕೆ ಹೊಸದನ್ನು ಗಂಟು ಹಾಕಿದರೆ ಅಭ್ಯಾಸ ಬೇಗ ನೆಲೆಗೊಳ್ಳುತ್ತದೆ. ಎಷ್ಟು ಬೇಗ ಎಂಬುದು ಜನರನ್ನು ಅವಲಂಬಿಸಿದ್ದು. ಲಂಡನ್ ವಿಶ್ವವಿದ್ಯಾಲಯದ ಯೂನಿವರ್ಸಿಟಿ ಕಾಲೇಜಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕು ಎಂಬ ಅಂದಾಜು ಬಂತು, ನಡುವಿನ ಅಂಕಿ 66. ಇಪ್ಪತ್ತೊಂದು ದಿನದಲ್ಲಿ ಎಲ್ಲವೂ ಅಭ್ಯಾಸವಾಗುತ್ತದೆ ಎಂಬ ಮಾತನ್ನು ನಂಬಿ, ಆಗದಿದ್ದಾಗ ತನ್ನಲ್ಲೇ ಏನೋ ಕೊರತೆಯಿದೆ ಎಂದುಕೊಂಡು ಬಿಟ್ಟವರು ಬಹಳ. ಅದೇ ಅಧ್ಯಯನ ಇನ್ನೊಂದು ಸಮಾಧಾನದ ಸಂಗತಿಯನ್ನೂ ಹೇಳಿದೆ: ಒಂದು ದಿನ ತಪ್ಪಿದರೆ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಾಗುವುದಿಲ್ಲ. ಮಗುವಿಗೆ ಜ್ವರ, ಮನೆಗೆ ನೆಂಟರು, ಗೌರಿ ಗಣೇಶ, ಪರೀಕ್ಷೆ ಎಂದು ದಿನಗಳು ತಪ್ಪುತ್ತಲೇ ಇರುವ ಸಂಸಾರಕ್ಕೆ ಇದಕ್ಕಿಂತ ಉಪಯುಕ್ತವಾದ ಮಾತಿಲ್ಲ.

ಹಂಚಿಕೊಳ್ಳಲು ಇನ್ನೊಬ್ಬರೇ ಇಲ್ಲದ ಮನೆಗಳ ಪ್ರಶ್ನೆ ಉಳಿಯುತ್ತದೆ. ಒಬ್ಬಳೇ ಮಕ್ಕಳನ್ನು ಸಾಕುವ ತಾಯಿ, ಹಾಸಿಗೆ ಹಿಡಿದ ತಂದೆಯನ್ನು ನೋಡಿಕೊಳ್ಳುವ ಮಗ, ರಾತ್ರಿ ಪಾಳಿಯ ಕಾರ್ಮಿಕ, ಪೀಣ್ಯ ಬೊಮ್ಮನಹಳ್ಳಿಗಳ ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಮಷೀನಿನ ಮುಂದೆ ಕೂರುವ ಹೆಣ್ಣುಮಗಳು: ಇವರ ಮುಂದೆ ಮನೆಯವರ ಹಂಚಿಕೆಯ ಮಾತು ನಿಲ್ಲುವುದಿಲ್ಲ. ಇವರಿಗೆ ಸಮಯ ಮಾಡಿಕೊಡಬೇಕಾದವರು ಊರು ನಡೆಸುವವರು, ಕೆಲಸ ಕೊಟ್ಟವರು. ಬೆಂಗಳೂರಿನ ಪಾಲಿಕೆ ಪಾರ್ಕುಗಳು ಬಹುಕಾಲ ಬೆಳಿಗ್ಗೆ ಹತ್ತಕ್ಕೆ ಬೀಗ ಹಾಕಿಕೊಂಡು ಮಧ್ಯಾಹ್ನ ಒಂದೂವರೆಗೆ ತೆರೆಯುತ್ತಿದ್ದವು. ಮಕ್ಕಳನ್ನು ಕಳಿಸಿ, ಮನೆ ಒಪ್ಪ ಮಾಡಿ ಹನ್ನೊಂದಕ್ಕೆ ಬಿಡುವಾಗುವ ಹೆಂಗಸರಿಗೆ, ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಅಲ್ಲಿ ಜಾಗವಿರಲಿಲ್ಲ. 2024ರ ಜೂನ್‌ನಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೂ ತೆರೆದಿಡುವ ತೀರ್ಮಾನವಾಯಿತು. ಹೊಸ ಕಟ್ಟಡವಿಲ್ಲದೆ, ಗೇಟಿನ ಬೀಗವೊಂದನ್ನು ತೆಗೆದು ಸಾವಿರಾರು ಜನರಿಗೆ ಸಮಯ ಒದಗಿಸಬಹುದು ಎಂಬುದಕ್ಕೆ ಇದು ಸಾಕ್ಷಿ. ಉಳಿದ ಊರುಗಳ ನಗರಸಭೆಗಳೂ ಇದನ್ನು ಮಾಡಲಿ, ಮಾಡುವಾಗ ಒಳಗೆ ದೀಪ, ಹೆಂಗಸರಿಗೆ ಶೌಚಾಲಯ, ಅಲ್ಲಿಗೆ ನಡೆದುಹೋಗಲು ವಾಹನ ನಿಲ್ಲಿಸದ ಫುಟ್‌ಪಾತು ಇವನ್ನೂ ನೋಡಲಿ. ಕಾರ್ಖಾನೆಗಳು ಉತ್ಪಾದನೆಯ ಗುರಿಯನ್ನು ಗಂಟೆಗಂಟೆಗೆ ಎಣಿಸುವಾಗ, ಎರಡು ಗಂಟೆಗೊಮ್ಮೆ ಐದು ನಿಮಿಷ ಎದ್ದು ಓಡಾಡುವ ಬಿಡುವನ್ನು ಆ ಎಣಿಕೆಯಿಂದ ಹೊರಗಿಡಬೇಕು. ಊಟದ ಬಿಡುವಿಗೆ ಹದಿನೈದು ನಿಮಿಷ ಸೇರಿಸಿದರೆ ನಡೆಯಲು ಕಾರ್ಖಾನೆಯ ಆವರಣವೇ ಸಾಕು, ಆ ಹದಿನೈದು ನಿಮಿಷಕ್ಕೂ ಸಂಬಳ ಸಲ್ಲಬೇಕು.